ಬೋರಲಿಟ್ಟ ಲೋಟ

ಅಡುಗೆಮನೆಯ ಗೋಡೆಗೆ ಬೇರೆಯವರು ಕ್ಯಾಲೆಂಡರ್ ತೂಗುಹಾಕುತ್ತಾರೆ. ಲೋಟಪ್ಪನವರು ವೋಲ್ಟ್ ಮೀಟರ್ ತೂಗುಹಾಕಿದ್ದರು. ಅಂದು ಸಂಜೆ ಆರೂವರೆಗೆ ಅದರ ಮುಳ್ಳು ಇನ್ನೂರ ಇಪ್ಪತ್ತೆಂಟರಿಂದ ಇನ್ನೂರ ಹದಿನೆಂಟಕ್ಕೆ ಇಳಿದಿತ್ತು.

"ಇಷ್ಟು ವರ್ಷದಲ್ಲಿ ನನ್ನ ಮುಖಾನ ಒಂದು ಸಲನಾದ್ರೂ ಹೀಗೆ ನೋಡಿದೀರಾ?" ಎಂದರು ಅವರ ಹೆಂಡತಿ, ತರಕಾರಿ ಹೆಚ್ಚುತ್ತ.

"ನಿನ್ನ ಪಿತ್ತ ಏರೋದಷ್ಟೇ ಕಣೆ, ಇಳಿದಿದ್ದಿಲ್ಲ. ಇದು ಇಳೀತಿದೆ."

ಮಾತು ತಮಾಷೆಯದೇ, ಆದರೆ ಅವರು ಮೀಟರಿನ ಮುಂದಿನಿಂದ ಕದಲಲಿಲ್ಲ. ಇಪ್ಪತ್ತಾರು ವರ್ಷದಿಂದ ಅವರು ಊರಿಗೆ ಬರುವ ವಿದ್ಯುತ್ತನ್ನು ಕಾಯುವ ಕಂಟ್ರೋಲ್ ರೂಮಿನವರು. ವೋಲ್ಟೇಜ್ ಮೇಲಿನ ಗೆರೆ ದಾಟಬಾರದು, ಕೆಳಗಿನ ಗೆರೆಗಿಂತ ಜಾರಬಾರದು. ಇವೆರಡರ ನಡುವೆಯೇ ಅವರ ಕೂದಲು ಉದುರಿದ್ದು.

ಊರಿಗೆ ದೂರದ ಅಗ್ಗದ ವಿದ್ಯುತ್ತು ತರುವುದು ಎರಡು ಲೈನು, ಒಂದು ದೊಡ್ಡದು, ಒಂದು ಚಿಕ್ಕದು. ನಡುಹಗಲಲ್ಲಿ ಬಳಕೆ ಕಡಿಮೆ. ಹೊರೆಯಿಲ್ಲದ ಉದ್ದನೆಯ ಲೈನು ಕೆಲಸವಿಲ್ಲದೆ ಮನೆಯಲ್ಲಿ ಕೂತ ಭಾವಮೈದುನನಂತೆ. ಏನೂ ಮಾಡದಿದ್ದರೂ ಒತ್ತಡ ಏರಿಸುತ್ತದೆ. ಆಗ ದೊಡ್ಡದನ್ನು ಆಫ್ ಮಾಡಿ, ಸಂಜೆಯ ದೀಪ ಹತ್ತುವ ಮುನ್ನ ಮತ್ತೆ ಸೇರಿಸಬೇಕು. ಮರೆತರೆ ಇಡೀ ಊರಿನ ಭಾರ ಚಿಕ್ಕದರ ಹೆಗಲಿಗೆ. ಅದು ತುಂಬಿಹೋದರೆ ಊರೊಳಗಿನ ಗ್ಯಾಸ್ ಸ್ಥಾವರವನ್ನು ಓಡಿಸಬೇಕು, ಅದರ ದರಕ್ಕೆ ಮೀಟರಿಗೇ ಶಾಕ್ ಹೊಡೆಯಬೇಕು. ಅದೂ ಸಾಲದೆ ಚಿಕ್ಕ ಲೈನು ಕೈಬಿಟ್ಟರೆ, ಊರು ಕತ್ತಲು.

ಮರೆಯದಿರಲು ಅವರದೊಂದು ಉಪಾಯ. ಹಾಲು ಒಲೆಯ ಮೇಲಿದೆ ಎಂಬ ನೆನಪಿಗೆ ಅವರಮ್ಮ ಕಟ್ಟೆಯ ಮೇಲೆ ಲೋಟ ಬೋರಲಿಡುತ್ತಿದ್ದರು. ಮಗ ಕಂಟ್ರೋಲ್ ರೂಮಿನ ಮೇಜಿನ ಮೇಲೆ ಇಡತೊಡಗಿದರು. ಲೋಟ ಬೋರಲಿದ್ದರೆ, ವೋಲ್ಟೇಜಿಗಾಗಿ ಲೈನು ಆಫ್ ಆಗಿದೆ ಎಂದರ್ಥ. ನಕ್ಕವರೂ ಅದನ್ನೇ ಕಲಿತರು. ಹೆಸರು ಮಾತ್ರ ಇವರಿಗೆ ಅಂಟಿತು. ರಿಜಿಸ್ಟರಿನಲ್ಲಿ ಕಾರಣ ಬರೆಯುವ ಅಭ್ಯಾಸ ಕ್ರಮೇಣ ತಪ್ಪಿತು. ಲೋಟವಿದೆಯಲ್ಲ.

ಮುಳ್ಳು ಇನ್ನೂರ ಹದಿನೈದಕ್ಕೆ ಬಂತು. ಲೋಟಪ್ಪನವರು ಫೋನೆತ್ತಿ, ಮೂರು ಗಂಟೆಗೆ ತಮ್ಮಿಂದ ಕೆಲಸ ವಹಿಸಿಕೊಂಡಿದ್ದ ಎರಡನೇ ಶಿಫ್ಟಿನಾಕೆಯನ್ನು ಹಿಡಿದರು.

"ಏನಮ್ಮಾ, ವೋಲ್ಟೇಜ್ ಯಾಕೆ ಹೀಗೆ ಜಾರ್ತಿದೆ?"

"ಚಿಕ್ಕ ಲೈನ್ ತೊಂಬತ್ತಾರು ಪರ್ಸೆಂಟ್ ಸಾರ್. ಗ್ಯಾಸಿನವರನ್ನ ಈಗಾಗಲೇ ಓಡಿಸ್ತಿದೀನಿ. ಅದೂ ಸಾಲ್ತಿಲ್ಲ."

"ದೊಡ್ಡದು?"

"ವಾರದಿಂದ ರಿಪೇರಿಲಿದೆಯಲ್ಲ ಸಾರ್."

"ಬೆಳಗ್ಗೆನೇ ಸರಿಹೋಗಿ ಬಂತಲ್ಲಮ್ಮ. ಮಧ್ಯಾಹ್ನ ನಾನೇ ಆಫ್ ಮಾಡಿದ್ದು. ಲೋಟ ಬೋರಲಿಲ್ವಾ?"

ಆ ಕಡೆ ಕುರ್ಚಿ ಸರಿದ ಸದ್ದು. "ಇಲ್ಲ ಸಾರ್. ನೆಟ್ಟಗೆ ನಿಂತಿದೆ."

"ಸೇರಿಸು. ಈಗಲೇ."

ಸೇರಿಸುವುದು ಸ್ವಿಚ್ಚು ಒತ್ತಿದಂತಲ್ಲ. ಎರಡು ತುದಿಯ ಸಬ್‌ಸ್ಟೇಷನ್ನಿಗೂ ಫೋನು, ಎರಡು ಕಡೆಯೂ ತಪಾಸಣೆ, ಹತ್ತು ನಿಮಿಷ. ಅಷ್ಟರಲ್ಲಿ ಚಿಕ್ಕದು ಉಳಿದರೆ ಉಳಿಯಿತು.

ಹೆಂಡತಿ ಮಿಕ್ಸಿಯ ಕಡೆ ಕೈ ಚಾಚಿದರು.

"ಬೇಡ."

"ನಮ್ಮನೆ ಒಂದು ಮಿಕ್ಸಿ ನಿಲ್ಲಿಸಿದ್ರೆ ಊರು ಉಳಿಯುತ್ತಾ?"

"ಎಲ್ಲರ ಮನೇಲೂ ಈಗ ಇದೇ ಮಾತು ಆಡ್ತಿರ್ತಾರೆ."

ಹೆಂಡತಿ ಮಿಕ್ಸಿ ಬಿಟ್ಟು, ನಡುಮನೆಯ ಎರಡು ದೀಪವನ್ನೂ ಆರಿಸಿ ಬಂದರು. ಇನ್ನೂರ ಹನ್ನೆರಡು. ಫ್ರಿಜ್ಜು ಮುದುಕನಂತೆ ನರಳಿತು. ಲೋಟಪ್ಪನವರು ಕಿಟಕಿಗೆ ಹೋಗಿ ಎದುರು ಕಟ್ಟಡದ ದೀಪಗಳನ್ನು ನೋಡಿ ಮತ್ತೆ ಮೀಟರಿಗೆ ಬಂದರು.

"ಎಲ್ಲಾ ಆ ಟೀ ತರೋ ಮಹಾರಾಯನ ಕೆಲಸ," ಎಂದರು. "ಲೋಟ ಕಂಡ್ರೆ ತೊಳೆದು ನೆಟ್ಟಗಿಡ್ತಾನೆ. ನಾಳೆ ವಿಚಾರಿಸ್ಕೋತೀನಿ."

"ಅದಿರಲಿ, ಎರಡೂವರೆಗೆ ನಾನು ಫೋನ್ ಮಾಡಿದಾಗ ಬೀಪಿ ಮಾತ್ರೆ ತಗೊಂಡ್ರಾ?"

"ತಗೊಂಡೆ."

"ನೀರು?"

"ಕುಡಿದೆ."

"ಯಾವ ಲೋಟದಲ್ಲಿ?"

ಲೋಟಪ್ಪನವರಿಗೆ ಆಗ ನೆನಪಾಯಿತು. ಫೋನು ಬಂದಿತ್ತು, ಗಂಟಲು ಒಣಗಿತ್ತು, ಕೈಗೆ ಸಿಕ್ಕಿದ್ದು ಅದೇ. ಬೋರಲಿದ್ದುದನ್ನು ಎತ್ತಿ, ತುಂಬಿಸಿ, ಕುಡಿದು, ನೆಟ್ಟಗಿಟ್ಟಿದ್ದರು. ತಮ್ಮ ಒತ್ತಡ ಇಳಿಸಿಕೊಳ್ಳಲು ಹೋಗಿ ಊರಿನದನ್ನೇ ಇಳಿಸಿದ್ದರು.

ಹೆಂಡತಿ ಮತ್ತೆ ತರಕಾರಿ ಹೆಚ್ಚತೊಡಗಿದರು. ಬೈದಿದ್ದರೆ ವಾಸಿಯಿತ್ತು.

ದೀಪ ಒಮ್ಮೆ ಮಿಣುಕಿತು. ಮುಳ್ಳು ನಡುಗಿ, ಒಮ್ಮೆಲೇ ನೆಗೆದು, ಇನ್ನೂರ ಇಪ್ಪತ್ತಾರಕ್ಕೆ ಬಂದು ನಿಂತಿತು. ಬೆನ್ನಿಗೇ ಫೋನು.

"ಸೇರಿತು ಸಾರ್. ಚಿಕ್ಕದು ಐವತ್ತಕ್ಕೆ ಇಳೀತು. ಗ್ಯಾಸಿನವರನ್ನ ನಿಲ್ಲಿಸ್ತಿದೀನಿ, ನಲವತ್ತು ನಿಮಿಷ ಓಡಿದಾರೆ. ಅದರ ಖರ್ಚಿಗೆ ಕಾರಣ ಕೇಳ್ತಾರೆ. 'ಲೈನು ತುಂಬಿತ್ತು' ಅಂತ ಬರೆದುಬಿಡ್ಲಾ? ಸುಳ್ಳೇನಲ್ಲ. ಮುಂದಕ್ಕೆ ಯಾರೂ ಕೇಳಲ್ಲ."

ಸುಳ್ಳಲ್ಲ, ನಿಜ. ಖರ್ಚು ಊರಿನವರೆಲ್ಲರ ಬಿಲ್ಲಿನಲ್ಲಿ ಚೂರುಚೂರಾಗಿ ಕರಗಿಹೋಗುತ್ತದೆ. ಇಪ್ಪತ್ತಾರು ವರ್ಷದ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಒಂದೂ ಕೆಂಪು ಗೆರೆಯಿಲ್ಲ. ಹೆಂಡತಿ ಈಳಿಗೆಮಣೆಯಿಂದ ತಲೆ ಎತ್ತಿರಲಿಲ್ಲ, ಆದರೆ ಹೆಚ್ಚುವ ಸದ್ದು ನಿಂತಿತ್ತು.

"ಬರಿ," ಎಂದರು ಲೋಟಪ್ಪನವರು. "ಮೊದಲ ಶಿಫ್ಟಿನವರು ಮಾತ್ರೆ ನುಂಗೋಕೆ ಲೋಟ ಎತ್ತಿದ್ರು. ರಿಜಿಸ್ಟರಿನಲ್ಲಿ ಕಾರಣ ಬರೆದಿರಲಿಲ್ಲ."

"ಹಾಗೇ ಬರೀಲಾ ಸಾರ್?"

"ಹಾಗೇ. ಓದಿ ಹೇಳು."

ಆಕೆ ಓದಿದಳು. ಓದುವಾಗ ಎಲ್ಲೂ ನಗಲಿಲ್ಲ.

"ಈಗ ಮಿಕ್ಸಿ ಹಾಕಲಾ?" ಎಂದು ಹೆಂಡತಿ ಕೇಳಿದಾಗ ಅವರು ಮೀಟರಿನಿಂದ ಕಣ್ಣು ತೆಗೆಯದೆ, "ಐದು ನಿಮಿಷ ತಡಿ," ಎಂದರು.