ಆನೆ ಪಕ್ಷದವನ ಕೋಟಿಗೆ ನಾನು ಹೊಲಿದ ಕತ್ತೆ

ಒಮಾನಿನ ಸೂರ್ ಪಟ್ಟಣದಲ್ಲಿ ಅರಬರ ಉದ್ದಂಗಿ ಹೊಲಿಯುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ಕಸೂತಿ ಬೇಕೆಂದರೆ ಜನ ಹುಡುಕಿಕೊಂಡು ಬರುವುದು ನನ್ನಲ್ಲಿಗೆ. ಅನುಮಾನವಿದ್ದರೆ ಹೋಗಿ ವಿಚಾರಿಸಿ. ತಲೆ ನರೆತರೂ ಕೈ ನಡುಗುವುದಿಲ್ಲ, ತುಂಟತನವೂ ಹೋಗಿಲ್ಲ. ಗಿರಾಕಿಗೆ ತಿಳಿಯದಂತೆ ಒಳಜೇಬಿನ ಮೇಲೆ ಒಂದು ಮೀನೋ ಬೆಕ್ಕೋ ಹೊಲಿದು ಕಳುಹಿಸುವುದು ನನ್ನ ಹಳೆಯ ಚಾಳಿ.

ಒಂದು ದಿನ ಗ್ಯಾಸ್ ಪ್ಲಾಂಟಿನ ಅಮೆರಿಕನ್ ಇಂಜಿನಿಯರ್, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಕಪ್ಪು ಮನುಷ್ಯ, ತೀರಿಹೋದ ಅಪ್ಪನ ಉಣ್ಣೆಯ ಕೋಟು ತಂದ. ಕೆಲಸ ಮುಗಿಯಿತು, ಊರಿಗೆ ಹೋಗಿ ಪಟ್ಟಣದ ಚುನಾವಣೆಗೆ ನಿಲ್ಲಬೇಕು, ತೋಳು ಉದ್ದ ಮಾಡಿಕೊಡು ಎಂದ. ಸಾಕಿ ಬೆಳೆಸಿದ ಅಕ್ಕನೇ ಒಪ್ಪಿಲ್ಲವಂತೆ. ನಿಂತರೆ ನನ್ನ ಮನೆಗೆ ಕಾಲಿಡಬೇಡ ಎಂದಿದ್ದಾಳಂತೆ. ಅಕ್ಕಂದಿರಿಗೆ ರಾಜಕೀಯ ಎಂದರೆ ಆಗುವುದಿಲ್ಲ ಎಂದುಕೊಂಡು ನಾನು ಅಳತೆ ತೆಗೆದೆ.

ಅಲ್ಲಿ ಆನೆ ಗುರುತಿನದೊಂದು, ಕತ್ತೆ ಗುರುತಿನದೊಂದು ಪಕ್ಷ, ಕಪ್ಪು ಜನರ ವೋಟು ಹೆಚ್ಚಾಗಿ ಕತ್ತೆಗೆ ಎಂಬುದು ಟಿವಿ ನೋಡಿ ಗೊತ್ತಿತ್ತು. ನನ್ನ ಕೈ ತುರಿಸಿತು.

"ಕೇಳಿ ಹೊಲಿಯಿರಿ ಕಾಕಾ," ಎಂದ ಉಪ್ಪಿನಂಗಡಿಯ ನನ್ನ ಕಟಿಂಗ್ ಮಾಸ್ಟರ್.

"ಹೋಗಾ! ನಮ್ಮೂರಲ್ಲಿ ಹೆಸರು ಕೇಳಿದ್ರೆ ಸಾಕು, ವೋಟು ಯಾರಿಗೆ ಅಂತ ಹೇಳ್ಲಿಕ್ಕಾಗ್ತದೆ. ಇವನದ್ದು ಮುಖವೇ ಕಾಣ್ತದಲ್ಲ ಮಾರಾಯ!"

ಒಳಜೇಬಿನ ಮೇಲೆ ನೀಲಿ ನೂಲಿನ ಕತ್ತೆ ಹೊಲಿದೆ. ಅದರ ಕಿವಿಯ ಚಂದವನ್ನು ನೀವು ನೋಡಬೇಕಿತ್ತು!

ಕೋಟು ಒಯ್ಯಲು ಬಂದವನು ಒಳಜೇಬು ನೋಡಿದ. ಸ್ಟೂಲಿನ ಮೇಲೆ ಕುಸಿದು ಮೇಜು ಅಲುಗಾಡುವಂತೆ ನಕ್ಕ. "ಮಾಸ್ಟರ್, ನಾನು ಆನೆ!"

"ಖಲಾಸ್," ಎಂದು ನಮ್ಮ ಉಪ್ಪಿನಂಗಡಿಯವನು ಕತ್ತರಿ ಕೆಳಗಿಟ್ಟ. "ಮುಖ ನೋಡಿ ಹೇಳುವವರು ಈಗ ಬಿಚ್ಚಿ!"

ನಾನು ಬ್ಲೇಡು ಹಿಡಿದು ಕತ್ತೆಯನ್ನು ಬಿಚ್ಚುತ್ತಿದ್ದೆ, ಇಂಜಿನಿಯರ್ ಅರೆಬರೆ ಹಿಂದಿಯಲ್ಲಿ ಹೇಳುತ್ತಾ ಹೋದ. ಗುಲಾಮಗಿರಿ ತೆಗೆದ ಅಧ್ಯಕ್ಷ ಆನೆ ಪಕ್ಷದವನು. ಬಿಡುಗಡೆಯಾದವರೆಲ್ಲ ಅದನ್ನೇ ಸೇರಿದರು. ಸಂತೆಯಲ್ಲಿ ಮಾರಾಟವಾಗಿದ್ದ ಮನುಷ್ಯರು ಶಾಸನಸಭೆಯಲ್ಲಿ ಕೂತು ಕಾನೂನು ಮಾಡಿದರು. ನನ್ನ ಬ್ಲೇಡು ನಿಂತೇಹೋಯಿತು. ಮಾರಾಟವಾದವನು, ಕಾನೂನು ಮಾಡುವವನು, ಇಬ್ಬರೂ ಒಬ್ಬನೇ! ಆಮೇಲೆ ಆನೆ ಅವರನ್ನು ಮರೆಯಿತು, ಸಮಾನ ಹಕ್ಕಿನ ಕಾಲಕ್ಕೆ ಹೆಚ್ಚಿನವರು ಕತ್ತೆಯ ಕಡೆ ಹೋದರು. ಇವನ ಅಜ್ಜ ಹೋಗಲಿಲ್ಲ. ಸ್ವಂತ ಅಂಗಡಿ, ಚರ್ಚು, ಸರಕಾರ ಮನೆಯೊಳಗೆ ಇಣುಕಬಾರದು, ಅಷ್ಟೇ ಅವನ ರಾಜಕೀಯ. ಅಪ್ಪನದೂ ಅದೇ. ಇದೇ ಕೋಟು ಹಾಕಿ ಪಕ್ಷದ ಸಭೆಗೆ ಹೋದರೆ ಯಾರೋ ಮಾಣಿ ಎಂದುಕೊಂಡು ಖಾಲಿ ಗ್ಲಾಸನ್ನು ಕೈಗಿತ್ತರಂತೆ. ಅಪ್ಪ ಗ್ಲಾಸನ್ನು ಮೇಜಿನ ಮೇಲಿಟ್ಟು ವೇದಿಕೆ ಹತ್ತಿ ಭಾಷಣ ಮಾಡಿದನಂತೆ. ಊರಿಗೆ ಬಂದರೆ ಕ್ಷೌರದಂಗಡಿಯಲ್ಲಿ ಸ್ವಂತ ಜನರೇ ದ್ರೋಹಿ ಎಂದರಂತೆ.

"ಎರಡೂ ಕಡೆ ಉಗಿಸಿಕೊಂಡು ಯಾಕೆ ಇರಬೇಕು ಸದೀಖ್?" ಎಂದೆ, ಅರಬರು ಗೆಳೆಯನನ್ನು ಕರೆಯುವಂತೆ.

"ನಾವು ಎದ್ದು ಹೋದರೆ ಆ ಕುರ್ಚಿ ನಮ್ಮದಲ್ಲ ಅಂತಲೇ ಆಗುತ್ತದಲ್ಲ ಮಾಸ್ಟರ್."

ಕತ್ತೆಯ ಕೊನೆಯ ನೂಲು ಎಳೆಯುವಷ್ಟರಲ್ಲಿ ಅಕ್ಕನ ವಿಡಿಯೊ ಕಾಲ್ ಬಂತು. ಅವನು ಕೋಟು ತೊಟ್ಟು, ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ ಎದುರು ನಿಂತ. ನರೆಗೂದಲಿನ ಹೆಂಗಸು ಮುಂದೆ ಬಾಗಿ ಕೋಟನ್ನು ನೋಡಿದಳು. ಅವರ ಇಂಗ್ಲಿಷು ನನಗೆ ತಿಳಿದದ್ದು ಹೀಗೆ:

"ಅಪ್ಪನ ಕೋಟು. ಹಾಗಾದರೆ ನಿಲ್ಲುತ್ತೀ?"

"ನಿಲ್ಲುತ್ತೇನಕ್ಕಾ."

"ನನ್ನ ವೋಟಿಲ್ಲ. ನಮ್ಮ ಬೀದಿಯವರಿಗೂ ಹಾಕಬೇಡಿ ಅಂತೇನೆ."

"ಅನ್ನು. ನಾನು ಮನೆ ಮನೆಗೆ ಹೋಗಿ ಹಾಕಿ ಅಂತ ಕೇಳ್ತೇನೆ."

ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು.

"ಮನೆ ಮನೆಗೆ ಹೋಗೋ ಮುಂಚೆ ನನ್ನ ಮನೆಗೆ ಬಂದು ಉಂಡುಕೊಂಡು ಹೋಗು. ಬಿಸಿಲಿಗೆ ತಲೆ ಸುತ್ತಿ ಬಿದ್ದೀಯ," ಎಂದು ಫೋನಿಟ್ಟಳು.

ಅವನು ಕೋಟು ಬಿಚ್ಚಲಿಲ್ಲ. ಸೂರಿನ ಆ ಸೆಕೆಯಲ್ಲಿ ಉಣ್ಣೆಯ ಕೋಟಿನಲ್ಲೇ ಬೀದಿಗಿಳಿದ. ನಾನೂ ಕಟಿಂಗ್ ಮಾಸ್ಟರೂ ಬಾಗಿಲಿಗೆ ಬಂದು, ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತೆವು.