ಆ ದೀಪದ ಕೆಳಗೆ ಪುಸ್ತಕ ಇಟ್ಟವಳು ನಾನು

ಮಮತಾಳ ಮಡಿಲಲ್ಲಿದ್ದ ತಡ್ಪೆಯನ್ನು, ಅಂದರೆ ಬೀಡಿ ಕಟ್ಟುವ ಮೊರವನ್ನು, ಎತ್ತಿ ಪಕ್ಕಕ್ಕಿಟ್ಟು, ಅವಳ ಕೈಗೆ ಶಾಲೆಯ ಪುಸ್ತಕ ಕೊಟ್ಟು, ಸೋಲಾರ್ ದೀಪದ ಕೆಳಗೆ ಕೂರಿಸಿ ಫೋಟೋ ತೆಗೆದವಳು ನಾನು. ಆ ಫೋಟೋ ಸುಳ್ಳು. ಅದನ್ನು ಮುಂದಿಟ್ಟುಕೊಂಡು ನಾನು ಪಡೆದ ಡಾಕ್ಟರೇಟು — ಅದರಲ್ಲಿಯೂ ಸುಳ್ಳು ಸೇರಿದೆ. ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ, ಇಷ್ಟು ವರ್ಷ ಇದ್ದ ಹಾಗೆ. ಆದರೆ ಆ ಫೋಟೋವನ್ನು ಉಳಿಸಿಕೊಳ್ಳಲು ನಾನು ಇನ್ನೊಂದು ಮಾತು ಆಡಿದೆ. ಆ ಮಾತಿನಿಂದ ಆ ಹುಡುಗಿಯ ಓದು ನಿಂತುಹೋಯಿತು. ಇದನ್ನು ಬರೆಯುತ್ತಿರುವುದು ಆ ಮಾತಿಗಾಗಿ.

ನಾನು ಮೆಲ್ಕಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿ ಮನೆಯ ಮಗಳು. ಪಿಯುಸಿ ಮುಗಿದ ಕೂಡಲೇ ನನ್ನ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಅತ್ತು, ಊಟ ಬಿಟ್ಟು, ಅಪ್ಪನ, ನಮ್ಮ ಬಾಪಾನ, ಹತ್ತಿರ ಜಗಳವಾಡಿ ಡಿಗ್ರಿಗೆ ಸೇರಿದವಳು ನಾನು. ಮುಂದೆ ಮೂಡಬಿದಿರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿಯಾದೆ. ಓದುವ ಹೆಣ್ಣುಮಕ್ಕಳಿಗೆ ಏನೇನು ಅಡ್ಡ ಬರುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಇದನ್ನು ಹೇಳುತ್ತಿರುವುದು ಕನಿಕರ ಬೇಡುವುದಕ್ಕಲ್ಲ — ಗೊತ್ತಿದ್ದೂ ಮಾಡಿದೆ ಎಂಬುದು ನಿಮಗೆ ತಿಳಿದಿರಲಿ ಎಂದು.

ನನ್ನ ಸಂಶೋಧನೆಯ ವಿಷಯ ಇದು: ಸೂರ್ಯ, ಗೋಬರ್ ಗ್ಯಾಸ್, ಹಳ್ಳದ ನೀರು — ಇಂಥ ಮುಗಿಯದ ಮೂಲಗಳಿಂದ ಬರುವ ಶಕ್ತಿಯನ್ನು ಬಳಸಿದ ಮನೆಗಳ ಆದಾಯ ಬೆಳೆಯುತ್ತದೆಯೇ? ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಮನೆಮನೆ ತಿರುಗಿದೆ. ಬೆಳೆದಿರುವುದು ಕಣ್ಣಿಗೆ ಕಾಣುತ್ತಿತ್ತು. ಆದರೆ ನನ್ನ ಗೈಡ್ ಬಹಳ ಖಡಕ್ಕು ಮನುಷ್ಯ. ಹೋದಾಗಲೆಲ್ಲ ಒಂದೇ ಪ್ರಶ್ನೆ: ಬೆಳಕಿನಿಂದ ದುಡ್ಡು ಬಂತೋ, ದುಡ್ಡು ಬಂದದ್ದರಿಂದ ಬೆಳಕು ಬಂತೋ? ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಯಾಕೆಂದರೆ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಒಬ್ಬನಾದರೂ ಗಲ್ಫಿನಲ್ಲಿ ಇರುತ್ತಾನೆ. ಅವನು ಕಳಿಸಿದ ದುಡ್ಡಿನಲ್ಲಿ ಮಾಡಿಗೆ ಸೋಲಾರ್ ಬರುತ್ತದೆ. ಅಂಥ ಮನೆಯನ್ನು ತೋರಿಸಿ ಸೋಲಾರಿನಿಂದ ಮನೆ ಬೆಳೆಯಿತು ಎಂದರೆ ಯಾರು ನಂಬುತ್ತಾರೆ? ಮೊದಲು ದೀಪ ಬಂದು, ಆಮೇಲೆ ಆದಾಯ ಬೆಳೆದ ಮನೆ ನನಗೆ ಬೇಕಿತ್ತು.

ಅದು ಸಿಕ್ಕಿದ್ದು ಬೆಳ್ತಂಗಡಿ ಕಡೆಯ ಒಂದು ಗುಡ್ಡದ ಮೇಲೆ. ಕರೆಂಟಿನ ಕಂಬಗಳು ಗುಡ್ಡದ ಬುಡಕ್ಕೇ ನಿಂತುಬಿಟ್ಟಿದ್ದವು. ಗಿರಿಜಕ್ಕ ಅಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದರು. ಗಂಡ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡು ಚಾಪೆ ಹಿಡಿದಿದ್ದರು. ಇದ್ದವಳು ಒಬ್ಬಳೇ ಮಗಳು, ಮಮತಾ, ಒಂಬತ್ತನೇ ಕ್ಲಾಸು. ಗಲ್ಫಿನಲ್ಲಿ ಯಾರೂ ಇಲ್ಲ, ಬೇರೆ ವರಮಾನವೂ ಇಲ್ಲ. ಸ್ವಸಹಾಯ ಸಂಘದ ಮೂಲಕ ಅವರಿಗೆ ಸೋಲಾರ್ ದೀಪ ಸಿಕ್ಕಿತು. ಕೆಲವೇ ತಿಂಗಳಲ್ಲಿ ಆ ಮನೆಯಿಂದ ಬ್ರಾಂಚಿಗೆ ಹೋಗುವ ಬೀಡಿ ಹೆಚ್ಚುಕಡಿಮೆ ಎರಡರಷ್ಟಾಯಿತು. ಬ್ರಾಂಚ್ ಎಂದರೆ ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿಯನ್ನು ತಕ್ಕೊಳ್ಳುವ ಜಾಗ. ನನಗೆ ನಿಧಿ ಸಿಕ್ಕಿದಷ್ಟು ಖುಷಿಯಾಯಿತು. ಗೈಡಿಗೆ ಫೋನು ಮಾಡಿ, ಸಾರ್, ಸಿಕ್ಕಿತು ಎಂದೆ.

ಬೆಳಕು ಬಂದದ್ದರಿಂದ ಗಿರಿಜಕ್ಕ ಸಂಜೆಯ ಮೇಲೂ ಕೆಲಸ ಮಾಡುತ್ತಾರೆ, ಹಾಗಾಗಿ ಆದಾಯ ಬೆಳೆಯಿತು — ಹೀಗೆ ನಾನು ಲೆಕ್ಕ ಹಾಕಿದ್ದೆ. ಒಬ್ಬರೇ ಅಷ್ಟು ಕಟ್ಟುವುದು ಹೇಗೆ ಎಂದು ಕೇಳಿಕೊಳ್ಳಬೇಕಿತ್ತು. ಬ್ರಾಂಚಿನವರು ಲೆಕ್ಕ ಬರೆಯುವ ಬೀಡಿ ಕಾರ್ಡು ಗಿರಿಜಕ್ಕನ ಹೆಸರಿನಲ್ಲಿತ್ತು, ಆ ಮನೆಯಿಂದ ಹೋದ ಬೀಡಿಯೆಲ್ಲ ಅವರೇ ಕಟ್ಟಿದ್ದು ಎಂದು ನಾನೂ ಹಿಡಿದೆ. ಕಾರ್ಡು ಒಬ್ಬರದ್ದು, ಕೈ ಮನೆಮಂದಿಯದ್ದು ಎಂಬುದು ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮ ಅಂಗಡಿಗೆ ಬೀಡಿ ಮಜೂರಿ ಸಿಕ್ಕಿದ ದಿನ ಬಟ್ಟೆ ಕೊಳ್ಳಲು ಬರುತ್ತಿದ್ದ ಹೆಂಗಸರ ಮಾತು ಕೇಳುತ್ತಲೇ ಬೆಳೆದ ನನಗೆ ಗೊತ್ತಿರಲಿಲ್ಲ ಎಂದರೆ — ಛೆ, ಅದನ್ನಂತೂ ಹೇಳಲಾರೆ.

ಯಾವಾಗಲೂ ಹಗಲಲ್ಲೇ ಹೋಗುತ್ತಿದ್ದವಳು ಒಂದು ದಿನ ಮುಸ್ಸಂಜೆ ಹೇಳದೆ ಕೇಳದೆ ಹೋದೆ. ಪ್ರಬಂಧದ ಕವರಿಗೆ ಒಂದು ಫೋಟೋ ಬೇಕಿತ್ತು. ದೀಪದ ಕೆಳಗೆ ತಾಯಿ ಮಗಳು ಎದುರುಬದುರು ಕೂತಿದ್ದರು. ಇಬ್ಬರ ಮಡಿಲಲ್ಲೂ ತಡ್ಪೆ. ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಮಮತಾಳ ಬೆರಳುಗಳು ಎಷ್ಟು ಬೇಗ ಓಡುತ್ತಿದ್ದವೆಂದರೆ, ನಾನು ಒಳಗೆ ಬಂದದ್ದು ಕಂಡ ಮೇಲೂ ಕೈಯಲ್ಲಿದ್ದ ಬೀಡಿಯನ್ನು ಸುತ್ತಿ, ನೂಲು ಕಟ್ಟಿಯೇ ತಲೆ ಎತ್ತಿದಳು.

ಗಿರಿಜಕ್ಕ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವರಿಗೆ ಅನ್ನಿಸಿಯೂ ಇರಲಿಲ್ಲ. "ಮೊದಲು ಚಿಮಿಣಿ ದೀಪದಲ್ಲಿ ಇವಳಿಗೆ ಎಲೆ ಸರಿ ಕಾಣ್ತಿರಲಿಲ್ಲ ಟೀಚರ್, ಬೀಡಿ ಹಾಳಾಗ್ತಿತ್ತು. ಅದಕ್ಕೆ ನೀನು ಓದು ಅಂತ ಬಿಡ್ತಿದ್ದೆ. ಈಗ ಬೆಳಕು ಉಂಟಲ್ಲ, ಇಬ್ಬರೂ ಕಟ್ಟುವ ಅಂತ."

ಚಿಮಿಣಿಯ ಹೊಗೆಯಲ್ಲಿ ಓದುತ್ತಿದ್ದ ಹುಡುಗಿ, ಸೋಲಾರ್ ಬೆಳಕಿನಲ್ಲಿ ಓದು ಬಿಟ್ಟಿದ್ದಳು. ನಾನು ಬರೆದಿದ್ದ ಆ ಬೆಳವಣಿಗೆ ಎಲ್ಲಿಂದ ಬಂದದ್ದು ಎಂದು ಅಲ್ಲೇ, ಹೊಸ್ತಿಲ ಹತ್ತಿರ ನಿಂತಲ್ಲೇ ಅರ್ಥವಾಯಿತು. ದೀಪದ್ದು ತಪ್ಪಲ್ಲ. ಗಿರಿಜಕ್ಕನದ್ದು ಎನ್ನಲೂ ನನ್ನ ನಾಲಿಗೆ ಏಳುವುದಿಲ್ಲ, ಗಂಡನ ಮದ್ದಿಗೆ ಅವರು ಬೇರೆ ಎಲ್ಲಿಗೆ ಹೋಗಬೇಕಿತ್ತು? ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುವ ಕೆಲಸ ನನ್ನದಾಗಿತ್ತು. ಬೆಳಕು ಬಂದದ್ದೂ ನಿಜ, ಆದಾಯ ಬೆಳೆದದ್ದೂ ನಿಜ, ನಡುವೆ ಒಂದು ಮಗುವಿನ ಸಂಜೆಗಳು ಕರಗಿಹೋದದ್ದೂ ನಿಜ ಎಂದು ಒಂದು ಪುಟ ಬರೆದಿದ್ದರೆ ಸಾಕಿತ್ತು. ಬಹುಶಃ ಒಳ್ಳೆಯ ಪ್ರಬಂಧವೇ ಆಗುತ್ತಿತ್ತು ಅದು. ಆದರೆ ಗೈಡ್ ಮತ್ತೆ ಹಣೆ ಗಂಟು ಹಾಕುತ್ತಾರೆ, ಮತ್ತೆ ಮನೆ ಹುಡುಕಬೇಕು, ಮತ್ತೆ ಎರಡು ವರ್ಷ — ಇಂಥ ಯೋಚನೆಗಳೇ ಬಂದವು ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ತಡ್ಪೆ ಎತ್ತಿಟ್ಟೆ. ಚೀಲದಿಂದ ಅವಳ ಪುಸ್ತಕ ತೆಗೆದು ಕೈಗೆ ಕೊಟ್ಟೆ. ಓದುವ ಹಾಗೆ ಕೂತ್ಕೋ ಎಂದೆ. ಅವಳು ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡು ಪುಟ ಬಿಡಿಸಿದಳು. ಫೋಟೋ ತೆಗೆದು ಮುಗಿಸಿದೆ, ಕ್ಯಾಮರಾವನ್ನು ಚೀಲಕ್ಕೆ ಹಾಕಿಕೊಂಡೆ, ಗಿರಿಜಕ್ಕ ಕೊಟ್ಟ ಕಾಫಿ ಕುಡಿದೆ. ಅಷ್ಟು ಹೊತ್ತೂ ಅವಳು ಪುಸ್ತಕದಿಂದ ಕಣ್ಣು ತೆಗೆದಿರಲಿಲ್ಲ. ನಿಜವಾಗಿಯೂ ಓದುತ್ತಿದ್ದಳು. ಹೊರಡುವಾಗ ತಡ್ಪೆಯನ್ನು ಅವಳ ಪಕ್ಕಕ್ಕೆ ನಾನೇ ಸರಿಸಿ ಕೊಟ್ಟೆ.

ಇನ್ನು ಆ ಮಾತು.

ಅವಳ ಶಾಲೆಯಲ್ಲಿ ವಾಸುದೇವ ಮಾಸ್ಟ್ರು ಎಂದು ಗಣಿತ ಕಲಿಸುವವರಿದ್ದರು. ಬಡ ಹೆಣ್ಣುಮಕ್ಕಳಿಗೆ ಊಟ, ವಸತಿ ಕೊಟ್ಟು ಓದಿಸುವ ಹಾಸ್ಟೆಲೊಂದು ಉಜಿರೆಯಲ್ಲಿತ್ತು. ಮಾಸ್ಟ್ರು ಪ್ರತಿ ವರ್ಷ ಅದಕ್ಕೆ ಒಬ್ಬಳ ಹೆಸರು ಸೂಚಿಸಬಹುದಿತ್ತು. ಮನೆಯಲ್ಲಿ ಓದಲು ಅನುಕೂಲ ಇಲ್ಲದವಳು ಆಗಿರಬೇಕು ಎಂಬುದೊಂದೇ ಶರತ್ತು. ಒಂದು ದಿನ ಬೆಳ್ತಂಗಡಿ ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನನ್ನು ನಿಲ್ಲಿಸಿ ಮಮತಾಳ ವಿಷಯ ಎತ್ತಿದರು. ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮುಂದೆ ಇದ್ದವಳು, ಈಚೆಗೆ ಕೂತಲ್ಲೇ ತೂಕಡಿಸುತ್ತಾಳೆ ಎಂದರು. ಕೇಳಿದರೆ ಬಾಯಿ ಬಿಡುವುದಿಲ್ಲವಂತೆ. ಇಬ್ಬರು ಹುಡುಗಿಯರು ಮನಸ್ಸಿನಲ್ಲಿದ್ದಾರೆ, ಯಾರ ಹೆಸರು ಕೊಡುವುದು ಎಂದು ತಿಳಿಯುತ್ತಿಲ್ಲ ಎಂದರು. ಆಮೇಲೆ ಕೇಳಿದರು:

"ನೀವು ಆ ಮನೆಗೆ ಹೋಗ್ತಾ ಇರ್ತೀರಲ್ಲ ಮೇಡಂ. ಅಲ್ಲಿ ಅವಳಿಗೆ ಓದಲಿಕ್ಕೆ ಆಗ್ತದಾ?"

ಪ್ರಬಂಧದ ಜೊತೆ ಫೋಟೋ ಆಗಲೇ ಅಚ್ಚಿಗೆ ಹೋಗಿತ್ತು. ಮಾಸ್ಟ್ರು ಸಂಘದ ಸಭೆಗಳಿಗೆಲ್ಲ ಹೋಗುವವರು, ನಾಲ್ಕು ಜನರ ಹತ್ತಿರ ಮಾತಾಡುವವರು. ಇಲ್ಲ ಎಂದರೆ, ಮತ್ತೆ ಫೋಟೋದಲ್ಲಿ ಇರುವುದೇನು ಎಂದು ಯಾರಾದರೂ — ನಾನು ಹೆಚ್ಚು ಯೋಚಿಸಲೂ ಇಲ್ಲ.

"ಮನೆಯಲ್ಲಿ ಒಳ್ಳೆ ಬೆಳಕು ಉಂಟು ಮಾಸ್ಟ್ರೇ. ಓದ್ತಾಳೆ. ನಾನೇ ಕಣ್ಣಾರೆ ನೋಡಿದ್ದೇನೆ."

ಅವರು ನಂಬಿದರು. ಕಾಲೇಜಿನಲ್ಲಿ ಕಲಿಸುವವಳು, ವಾರಕ್ಕೊಮ್ಮೆ ಆ ಗುಡ್ಡ ಹತ್ತುವವಳು, ನಾನು ಯಾಕೆ ಸುಳ್ಳು ಹೇಳುತ್ತೇನೆ? ಹಾಗಾದರೆ ಅವಳದ್ದೇ ಉದಾಸೀನ ಇರಬೇಕು ಎಂದು ಬೇಸರದಿಂದ ತಲೆ ಆಡಿಸಿದರು. ಅದಕ್ಕೂ ನಾನು ಅಲ್ಲ ಎನ್ನಲಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ. ಸೀಟು ಇನ್ನೊಬ್ಬ ಹುಡುಗಿಗೆ ಹೋಯಿತು. ಮಮತಾ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಳು, ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. ಅದು ನನಗೆ ತಿಳಿದಾಗ ಮೂಡಬಿದಿರೆಯಲ್ಲಿ ನನ್ನ ಡಾಕ್ಟರೇಟಿಗೆ ಸನ್ಮಾನ ನಡೆದು ಸ್ವಲ್ಪವೇ ದಿನ ಆಗಿತ್ತು. ಪಾಪ ಎಂದುಕೊಂಡೆ. ಬರೀ ಪಾಪ.

ಆ ಫೋಟೋ ಎಲ್ಲೆಲ್ಲಿಗೆ ಹೋಗಲಿಲ್ಲ! ಪುಸ್ತಕದ ಕವರಿಗೆ, ಭಾಷಣಗಳ ಹಿಂದಿನ ಪರದೆಗೆ, ಸೋಲಾರ್ ಮೇಳಗಳ ಬ್ಯಾನರಿಗೆ. ನಾನು ವಿಭಾಗದ ಮುಖ್ಯಸ್ಥೆಯಾದೆ. ಈ ವರ್ಷ ನಮ್ಮ ಕಾಲೇಜಿನಲ್ಲಿ ಸೌರಶಕ್ತಿ ಮತ್ತು ಅಭಿವೃದ್ಧಿಯ ಬಗ್ಗೆ ವಿಚಾರಗೋಷ್ಠಿ ಇಟ್ಟೆವು. ನಮ್ಮ ವಿಭಾಗದ ಹೊಸ ಹುಡುಗ, ಉತ್ಸಾಹಿ, ನನಗೆ ಸಂತೋಷವಾಗಲಿ ಎಂದು ಫೋಟೋದ ಹುಡುಗಿಯನ್ನೇ ಪತ್ತೆಹಚ್ಚಿ ಕರೆತಂದ. ಮಮತಾ ಈಗ ಮದುವೆಯಾಗಿ ನರಿಕೊಂಬಿನಲ್ಲಿದ್ದಾಳೆ. ಗಂಡ ಆಟೋ ಓಡಿಸುತ್ತಾನೆ. ಐದನೇ ಕ್ಲಾಸಿನ ಮಗಳು ಶ್ರಾವ್ಯಾಳನ್ನೂ ಜೊತೆಗೆ ತಂದಿದ್ದಳು. ನಾನು ಅವಳನ್ನು ಕಂಡದ್ದೇ ವೇದಿಕೆಯ ಮೇಲೆ.

ಆ ಹುಡುಗ ಅವಳ ಕೈಗೆ ಮೈಕು ಕೊಟ್ಟು, ಸೋಲಾರ್ ಬಂದ ಮೇಲೆ ಆ ದೀಪದ ಕೆಳಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಅವಳು ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಟೀಚರಿಗೆ ಏನು ಹೇಳಿದರೆ ಒಳ್ಳೆಯದು ಎಂದು ಯೋಚಿಸುತ್ತಿದ್ದಳು ಅವಳು.

"ಓದ್ತಾ ಇದ್ದೆ," ಎಂದಳು.

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಊಟದ ಸಾಲಿನಲ್ಲಿ ತಾಯಿ ಮಗಳು ನನ್ನ ಮುಂದೆಯೇ ನಿಂತಿದ್ದರು. ಮಗು ತಟ್ಟೆ ಹಿಡಿದುಕೊಂಡು ಕೇಳಿತು: "ಅಮ್ಮ, ಲೈಟೂ ಇತ್ತು, ನೀನು ಓದ್ತಾನೂ ಇದ್ದೆ. ಮತ್ತೆ ನೀನು ಫೇಲಾದದ್ದು ಯಾಕೆ?"

ಮಮತಾ ಹಿಂದೆ ತಿರುಗಲಿಲ್ಲ. ನಾನು ಅಲ್ಲಿದ್ದೇನೆಂದು ಅವಳಿಗೆ ಗೊತ್ತಿತ್ತು. "ನನ್ನ ತಲೆಗೆ ಹತ್ತಲಿಲ್ಲ ಮಗಾ," ಎಂದಳು.

ಇಷ್ಟು ವರ್ಷ ನಾನು ಕದ್ದದ್ದು ಹಾಸ್ಟೆಲಿನ ಒಂದು ಸೀಟು ಎಂದು ತಿಳಿದಿದ್ದೆ, ಅದನ್ನು ಹೇಗೋ ನುಂಗಿಕೊಂಡಿದ್ದೆ. ಅವಳಿಂದ ಅವಳ ಬುದ್ಧಿಯನ್ನೇ ಕಿತ್ತುಕೊಂಡಿದ್ದೇನೆ ಎಂದು ಅಲ್ಲಿ, ಅನ್ನದ ಪಾತ್ರೆಯ ಎದುರು ಗೊತ್ತಾಯಿತು. ಬೆಳಕು ಕೊಟ್ಟರೂ ಓದದ ಹುಡುಗಿ — ಊರು ಅವಳನ್ನು ಹಾಗೆ ನೋಡಿತ್ತು. ಈಗ ಅವಳ ಮಗಳೂ.

ಮರುವಾರ ನರಿಕೊಂಬಿಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಎದ್ದು ಕುರ್ಚಿ ತರಲು ಹೊರಟಳು, ಬೇಡ ಎಂದು ನೆಲದ ಮೇಲೇ ಕೂತೆ. ಫೋಟೋದ ವಿಷಯ ತೆಗೆದಾಗ, ಅದೆಲ್ಲ ಈಗ ಯಾಕೆ ಟೀಚರ್, ಬಿಡಿ ಎಂದು ನಕ್ಕಳು. ಬಸ್ ಸ್ಟ್ಯಾಂಡಿನ ವಿಷಯ ಹೇಳಿದೆ. ನಗು ನಿಂತಿತು. ಹಾಸ್ಟೆಲಿಗೆ ಅವಳ ಹೆಸರು ಮಾತಿಗೆ ಬಂದಿತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಎಲೆಯನ್ನು ಸುತ್ತದೆ ಬೆರಳಲ್ಲಿ ಹಿಡಿದುಕೊಂಡೇ ಕೇಳಿದಳು:

"ಆ ಸೀಟು ಸಿಕ್ಕಿದ ಹುಡುಗಿ ಓದಿದಳಾ?"

ಗೊತ್ತಿಲ್ಲ ಎಂದೆ. ಹೆಸರು ಕೇಳಿದಳು. ಅದೂ ಗೊತ್ತಿಲ್ಲ.

"ಒಮ್ಮೆಯೂ ಕೇಳ್ಲಿಲ್ವಾ ನೀವು?"

ಇಲ್ಲ ಎಂದೆ. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತುಗಳನ್ನು ಆಡಲಿಲ್ಲ. ಆ ಗೋಷ್ಠಿಗೆ ಬಂದವರಿಗೆಲ್ಲ ಈ ಬರಹವನ್ನು ಕಳಿಸುತ್ತೇನೆ, ಕವರಿನಿಂದ ಆ ಫೋಟೋ ತೆಗೆಸುತ್ತೇನೆ ಎಂದೆ. ಅವಳಿಗೆ ಅದು ಬೇಕಿರಲಿಲ್ಲ. ಒಳಕ್ಕೆ ತಿರುಗಿ ಮಗಳನ್ನು ಕರೆದಳು. ಶ್ರಾವ್ಯಾ ಕೈಯಲ್ಲಿ ಪೆನ್ಸಿಲು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

"ನನಗೆ ಹೇಳಿದ್ದನ್ನು ಇವಳಿಗೂ ಹೇಳಿ," ಎಂದಳು ಮಮತಾ.

ನಿನ್ನ ಅಮ್ಮ ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮುಂದೆ ಇದ್ದಳು ಎಂದು ಶುರು ಮಾಡಿದೆ. ಮಗು ಅಮ್ಮನ ಮುಖ ನೋಡಿತು. ಅಷ್ಟಕ್ಕೇ ನಿಲ್ಲಿಸಿದೆ.

ಮಮತಾ ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡಳು. "ಪೂರ್ತಿ ಹೇಳಿ ಟೀಚರ್," ಎಂದಳು.

ಪೂರ್ತಿ ಹೇಳಿದೆ.