ಬೆಂಕಿಗೆ ದಾರಿ ಹೇಳುವ ಹುಲಿಗೆಮ್ಮ

ಬೆಳಗಿನ ಜಾವ ಐದು ಗಂಟೆ. ತರೀಕೆರೆಯ ತೆಂಗಿನಕಾಯಿ ವ್ಯಾಪಾರಿ ತೀರ್ಥಪ್ಪನವರ ಬಚ್ಚಲುಮನೆಯಲ್ಲಿ, ಒಲೆ ಸರಿಮಾಡಲು ಬಂದ ಹುಲಿಗೆಮ್ಮ ಸೆರಗು ಬಿಗಿದು ಕೂತಿದ್ದಾರೆ. ಎದುರಿಗೆ ಎಂಟು ಕೊಡ ನೀರು ಹಿಡಿಯುವ ತಾಮ್ರದ ಹಂಡೆ, ಅದರಡಿ ಧಗಧಗ ಉರಿಯುವ ಒಲೆ. ಒಂದು ಕೈ ಹಂಡೆಯ ನೀರಿಗೆ ಅದ್ದುತ್ತಾರೆ, ಇನ್ನೊಂದನ್ನು ಪಕ್ಕದ ಗೋಡೆಗೆ ಇಡುತ್ತಾರೆ. ಗೋಡೆ ಮುಟ್ಟಿದ ಕೈ ಚುರ್ ಎಂದು ಹಿಂದೆ ಬರುತ್ತದೆ. ನೀರಿನ ಕೈ ಹಾಯಾಗಿ ಅಲ್ಲೇ ಇದೆ!

“ಯಜಮಾನ್ರೇ, ಎಣ್ಣೆನೀರು ಗೋಡೆಗೋ, ಮಗಳಿಗೋ?”

ತೀರ್ಥಪ್ಪನವರಿಗೆ ನಗುವ ಹೊತ್ತಲ್ಲ. ಮಗಳು ಹೆತ್ತು ಒಂಬತ್ತು ದಿನ. ಇವತ್ತು ತಾಯಿ ಮಗುವಿಗೆ ಮೊದಲ ಎಣ್ಣೆನೀರು, ಬಿಸಿಲೇರುವ ಮುಂಚೆ ಎರೆದು ಮುಗಿಸಬೇಕು. ನಿನ್ನೆಯಿಂದ ಒಂದು ಹೊರೆ ಮಟ್ಟೆ ಸುಟ್ಟಿದ್ದಾರೆ, ನೀರು ಉಗುರು ಬೆಚ್ಚಗೂ ಆಗಿಲ್ಲ.

ತಪ್ಪು ಹೊಸದಾಗಿ ಅಜ್ಜನಾದ ತೀರ್ಥಪ್ಪನವರ ಅಕ್ಕರೆಯದು. ಬಾಣಂತಿ ಕೋಣೆ ಬೆಚ್ಚಗಿರಲಿ ಎಂದು ಅವರೇ ಗಾರೆಯವನಿಗೆ ಹೇಳಿ, ಒಲೆಯ ಬಾಯಿಗೆ ನೇರ ಎದುರು, ನೆಲಮಟ್ಟದಲ್ಲೇ ಹೊಗೆಗಂಡಿ ಕೊರೆಸಿ, ಅದನ್ನು ಕೋಣೆಯ ಗೋಡೆಯೊಳಗೆ ಹಾಯಿಸಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಬೆಂಕಿ ಕೊಟ್ಟದ್ದನ್ನೆಲ್ಲ ಗೋಡೆ ನುಂಗುತ್ತಿದೆ.

“ಗೋಡೆ ಮಾತ್ರ ಒಡೀಬೇಡಮ್ಮ, ಕೂಸಿಗೆ ಥಂಡಿ ಆಯ್ತದೆ,” ಎಂದು ಗೋಗರೆಯುತ್ತಾರೆ ತೀರ್ಥಪ್ಪ.

“ಗೋಡೇನೂ ಕಾಯ್ಲಿ ಬಿಡ್ರಿ, ನೀರು ಕಾದ್ಮೇಲೆ ಕಾಯ್ಲಿ. ಬೆಂಕಿಗೂ ಸೋಮಾರಿತನ ಇರ್ತದೆ ಕಣ್ರೀ. ಹತ್ರದ ದಾರಿ ಸಿಕ್ರೆ ಅದ್ರಾಗೇ ಓಡೋಯ್ತದೆ. ಹಂಡೆ ಒಂದ್ ಸುತ್ತು ಹಾಕ್ಕೊಂಡು ಹೋಗು ಅಂತ ನಾವೇ ಹೇಳ್ಬೇಕು.”

ಅಜ್ಜಂಪುರದಲ್ಲಿ ಹುಟ್ಟಿ ತರೀಕೆರೆಗೆ ಸೊಸೆಯಾಗಿ ಬಂದ ಹುಲಿಗೆಮ್ಮನಿಗೆ ಈ ವಿದ್ಯೆ ಕಲಿಸಿದ್ದು ಗುರುವಲ್ಲ, ಸಿಟ್ಟು. ಸ್ವಾತಂತ್ರ್ಯ ಬಂದ ಮರುವರ್ಷ, ನಲವತ್ತೆಂಟನೇ ಇಸವಿಯಲ್ಲಿ ಚೊಚ್ಚಲ ಬಾಣಂತನ. ಅತ್ತೆಮನೆಯ ಒಲೆ ಹೊಗೆ ಕಾರುತ್ತಿತ್ತೇ ಹೊರತು ನೀರು ಕಾಯಿಸುತ್ತಿರಲಿಲ್ಲ. “ತಣ್ಣೀರು ಬಿದ್ದು ನನ್ನ ಮಗಳು ನೀಲಿಗಟ್ಟಿದ್ಲು. ಹಸೀ ಬಾಣಂತಿ ನಾನು, ಎದ್ದು ಹೋಗಿ ಆ ಒಲೇನ ಒನಕೆ ತಗೊಂಡು ಒಡೆದಾಕ್ಬುಟ್ಟೆ!” ಒಡೆದದ್ದನ್ನು ತಾವೇ ಕಟ್ಟಿದರು, ಮೂರು ಸಲ ಕೆಟ್ಟಿತು, ನಾಲ್ಕನೆಯದು ನಿಂತಿತು. ಈ ಹದಿನಾಲ್ಕು ವರ್ಷಗಳಲ್ಲಿ ಸಿಂಗಟಗೆರೆ, ಯಗಟಿ ಎಂದು ಬಸ್ಸು ಹತ್ತಿ ಇಳಿದು ಕೈಯಾಡಿಸಿದ ಒಲೆಗಳು ಇನ್ನೂರು ದಾಟಿವೆ. ಮನೆ ಕಟ್ಟಿದ ಮೇಸ್ತ್ರಿಯ ಹೆಸರು ಊರಿಗೆಲ್ಲ ಗೊತ್ತು. ಒಲೆ ಕಟ್ಟಿದವಳ ಹೆಸರು ಯಾರಿಗೆ ಬೇಕು?

ಹುಲಿಗೆಮ್ಮ ಈಗ ಕೊಳ್ಳಿ ಹೊರಗೆಳೆದು, ನೀರು ತೋಡಿಸಿ, ಇಬ್ಬರು ಆಳುಗಳಿಂದ ಹಂಡೆ ಎತ್ತಿಸುತ್ತಾರೆ. ನೆಲಮಟ್ಟದ ಗಂಡಿಗೆ ಇಟ್ಟಿಗೆ ಚೂರು ಜಡಿದು, ಹುತ್ತದ ಮಣ್ಣಿಗೆ ಹೊಟ್ಟು ಕಲಸಿ ಮೆತ್ತುತ್ತಾರೆ. ಹಂಡೆಯ ಕೊರಳ ಮಟ್ಟಕ್ಕೆ ಹೊಸ ಗಂಡಿ ಕೊರೆದು ಗೋಡೆಯ ಹಳೇ ದಾರಿಗೇ ಸೇರಿಸುತ್ತಾರೆ. ಹಂಡೆಯ ಸುತ್ತ ಉರಿ ಆಡಲು ಎರಡು ಬೆರಳಿನಷ್ಟು ಸಂದು. ಅಳತೆಗೆ ಅವರ ಬೆರಳೇ ಕೋಲು.

ಹಂಡೆ ಕೂರಿಸಿ ನೀರು ತುಂಬಿ ಮತ್ತೆ ಬೆಂಕಿ ಇಟ್ಟಾಗ ಮನೆಮಂದಿಯೆಲ್ಲ ಬಚ್ಚಲ ಬಾಗಿಲಲ್ಲಿ. ಉರಿ ಒಮ್ಮೆ ತಡವರಿಸುತ್ತದೆ, ಆಮೇಲೆ ಗುರ್ ಎಂದು ಹಂಡೆಯ ಹೊಟ್ಟೆಯನ್ನು ಬಳಸಿ ಮೇಲೇರುತ್ತದೆ. ಸ್ವಲ್ಪ ಹೊತ್ತಿಗೆ ಹಂಡೆ ಗುಯ್ಗುಟ್ಟುತ್ತದೆ. “ಹಬೆ! ಹಬೆ ಬಂತು ಕಣ್ರೀ!” ಎಂದು ತೀರ್ಥಪ್ಪನವರ ಹೆಂಡತಿ ಮಲ್ಲಿಕಾಂಬ ಕೂಗಿಯೇಬಿಡುತ್ತಾರೆ. ಮುಖ ಗಂಟಿಕ್ಕಿಕೊಂಡಿದ್ದ ತೀರ್ಥಪ್ಪ ಗೋಡೆ ಮುಟ್ಟಿ ನೋಡಿ, ಅದೂ ಹಿತವಾಗಿ ಬೆಚ್ಚಗಾಗುತ್ತಿರುವುದಕ್ಕೆ ಕೂಸಿನಂತೆ ನಗುತ್ತಾರೆ.

ಬಿಸಿಲೇರುವ ಮುಂಚೆ ಬಾಣಂತಿಯ ಎಣ್ಣೆನೀರು ಮುಗಿಯುತ್ತದೆ. ಈಗ ಮಗುವಿನ ಸರದಿ. ಹಿತ್ತಲಲ್ಲಿ ಮಣ್ಣಿನ ಕೈ ತೊಳೆಯುತ್ತಿರುವ ಹುಲಿಗೆಮ್ಮನಿಗೆ ಒಳಗಿಂದ ಕಿಟಾರನೆ ಅಳು ಕೇಳಿಸುತ್ತದೆ. ಕಿವಿಗೊಟ್ಟು, ನಿಧಾನವಾಗಿ ನಗುತ್ತಾರೆ.

“ಕೂಸು ಅಂದ್ಮೇಲೆ ಅಳ್ತದೆ ಕಣ್ರೀ. ಆದ್ರೆ ನಾ ಕೈ ಹಾಕಿದ ಮನೇಲಿ ತಣ್ಣೀರಿಗೆ ಅತ್ತ ಕೂಸು ಒಂದೂ ಇಲ್ಲ.”